ಕಬ್ಬಿಣದ ಮಾತು ಕೇಳುತ್ತಿದ್ದ ಮಿಸ್ತ್ರಿ

ಹುಬ್ಬಳ್ಳಿಯ ಗಬ್ಬೂರ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಆ ಮಿಸ್ತ್ರಿ ಕಾಗದ ಮುಟ್ಟಿದವರಲ್ಲ. ಏನೇ ಕಟ್ಟುವುದಿದ್ದರೂ ಗ್ಯಾರೇಜಿನ ಕಲ್ಲುಹಾಸಿನ ಮೇಲೆ ಅದರ ಪೂರ್ತಿ ಅಳತೆಯ ಚಿತ್ರ ಬರೆಯುತ್ತಿದ್ದರು. ಸೀಮೆಸುಣ್ಣ ಅವರ ಕಿವಿಯ ಮೇಲಿರುತ್ತಿತ್ತು. ಅದನ್ನು ಇನ್ನೊಬ್ಬರು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಯಾರು ಏನೇ ವಾದಿಸಲಿ, ಅವರದು ಒಂದೇ ಉತ್ತರ: "ನಾ ಹೇಳೂದಲ್ಲರಿ, ಕಬ್ಬಣಾ ಹೇಳಬೇಕ್ರಿ." ಅಂಥವರೊಡನೆ ಒಮ್ಮೆ ನಾನು ಪೈಪೋಟಿಗೆ ನಿಂತಿದ್ದೆ, ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಬ್ರಿಟಿಷರ ಕಾಲ. ಅರಳೆ ವ್ಯಾಪಾರದ ಸಾಹುಕಾರರೊಬ್ಬರಿಗೆ ರೇಸಿನ ಹುಚ್ಚು ಹತ್ತಿತು. ಚಕ್ರಗಳ ಮೇಲೆ ಮುಚ್ಚಿಗೆಯಿಲ್ಲದ ಹಗುರ ಮೋಟಾರು ಗಾಡಿ ಬೇಕೆಂದರು. ಅದರ ಚಾಸಿಗೆ, ಅಂದರೆ ಕಬ್ಬಿಣದ ಅಡಿಚೌಕಟ್ಟಿಗೆ, ಎರಡು ನಕ್ಷೆ ಬಂದವು: ಮಿಸ್ತ್ರಿಯದು ನೆಲದ ಮೇಲೆ, ನನ್ನದು ಕಾಗದದ ಮೇಲೆ. ನಾನಾಗ ಸಾಹುಕಾರರ ಬಳಿ ಬರೀ ನಕ್ಷೆ ಬರೆಯುವ ನೌಕರ; ಗಾಡಿ ಓಡಿಸಲೂ ಬರುತ್ತಿರಲಿಲ್ಲ.

"ಮಿಸ್ತ್ರಿ, ನಿಮ್ಮದಽ ಮಾಡ್ರಿ," ಎಂದರು ಸಾಹುಕಾರರು, ನನ್ನ ಕಾಗದ ಬಿಚ್ಚದೆಯೇ.

ಮಿಸ್ತ್ರಿ ಒಪ್ಪಲಿಲ್ಲ. ನನ್ನ ಕಾಗದ ನನ್ನಿಂದಲೇ ಬಿಚ್ಚಿಸಿ ನೋಡಿ, ಎರಡೂ ನಕ್ಷೆಯಂತೆ ತೆಳು ಸರಳುಗಳಲ್ಲಿ ಪುಟ್ಟ ಚೌಕಟ್ಟುಗಳನ್ನು ಬೆಸೆದರು. ಮೂರು ಮೂಲೆಗಳನ್ನು ಇಟ್ಟಿಗೆಗೆ ಬಿಗಿದು, ನಾಲ್ಕನೆಯ ಮೂಲೆಗೆ ಒಂದೇ ಕಲ್ಲನ್ನು ಸರದಿಯಂತೆ ತೂಗಿಬಿಟ್ಟರು. ನನ್ನದು ಎರಡು ಬೆರಳಷ್ಟೇ ಬಾಗಿತು. ಅವರದು ತಿರುಚಿಕೊಂಡು ನೆಲ ಮುಟ್ಟಿತು.

"ಇನ್ನೊಮ್ಮಿ ನೋಡೂಣು," ಎಂದರು ಸಾಹುಕಾರರು.

ಮಿಸ್ತ್ರಿ ಆಗಲೇ ಹಸಿ ಅರಿವೆಯಿಂದ ತಮ್ಮ ಚಿತ್ರ ಒರೆಸುತ್ತಿದ್ದರು. ಎದ್ದವರೇ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟರು.

"ಬರೀರಿ. ಕಬ್ಬಣಾ ನಿಮ್ಮ ಹೆಸರ ಹೇಳೇತ್ರಿ."