ಗುಲಾಬಿ ಹಚ್ಚಿದ ಮೇಲ್

ನನ್ನ ಮೊಮ್ಮಗಳಿಗೆ ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ಅದಕ್ಕ ಯಾರೂ ಅಯ್ಯೋ ಅನ್ನಬ್ಯಾಡ್ರಿ, ಆಕಿ ಬಾಯಿ ಇಬ್ಬರ ಸಮ ಅದ. ಆಕಿ ಫೋನಂತೂ ವಾಡಿ ಸ್ಟೇಷನ್ನಿನ ಮೈಕಿಗಿಂತ ಜೋರು. ಅದರಾಗ ಅಕ್ಷರ ಬಂದರ ಸಾಕು, ಓದಿ ಹೇಳತದ.

ಚಿತ್ತಾಪುರದ ಒಂದು ಆಫೀಸಿನ್ಯಾಗ ಫೋನ್ ಎತ್ತೋ ನೌಕರಿಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕ ಯಾವಾಗ ಕರೀತಾರ ಅಂತ ಸುಲೇಪೇಟದ ನಮ್ಮ ಮನ್ಯಾಗ ದಿನಾ ಅದೇ ಧ್ಯಾಸ. ಒಂದಿನ ಮಧ್ಯಾಹ್ನ ಮೇಲ್ ಬಂತು. ಫೋನ್ "ಚಿತ್ರ" ಅಂದು ಬಾಯಿ ಮುಚ್ಚಿತು. ಮತ್ತ ಒತ್ತಿದಳು. "ಚಿತ್ರ."

"ಆಯಿ, ಏನದ ನೋಡು."

ನಾನು ಎರಡನೇ ಇಯತ್ತೆ ಕಲ್ತಾಕಿ. ಚಷ್ಮಾ ಹಾಕ್ಕೊಂಡೆ. "ಗುಲಾಬಿ ಹೂ ಅವ. ಎರಡೂ ಕಡಿ ದೀಪ. ಲಗ್ನದ ಕಾರ್ಡ್."

"ಯಾರ ಲಗ್ನ?"

"ನಿಂದೇ. ನಿನ್ನ ಹೆಸರು ಬರದಾರ."

"ಗಂಡ ಯಾರು?"

"ತೆಳಗ ಒಬ್ಬ ಮುದುಕ ಕೈ ಮುಗದು ನಿಂತಾನ. ಅವನೇ ಇರಬೇಕು."

ಮುದುಕ ಆಫೀಸಿನ ಅಧ್ಯಕ್ಷ ಅಂತ ಆಮ್ಯಾಲ ತಿಳೀತು. ನಮ್ಮ ಕಡಿ ಲಗ್ನ, ತೊಟ್ಲಾ, ಆಫೀಸಿನ ಕಾಗದ ಎಲ್ಲಾ ಒಂದೇ ಬ್ಯಾನರ್ ಅಂಗಡ್ಯಾಗ ಮಾಡಸ್ತಾರ, ಅದೇ ಗುಲಾಬಿ. ಅಕ್ಷರ ಕೂಡಿಸಿ ಕೂಡಿಸಿ "ಸಂದರ್ಶನ" ತನಕ ಓದಿದೆ. ತಾರೀಖು ಮಾತ್ರ ಹೂವಿನ ಮ್ಯಾಲ ಗುಲಾಬಿ ಬಣ್ಣದಾಗೇ ಇತ್ತು. ಹದಿನಾರೋ ಹತ್ತೊಂಬತ್ತೋ, ದೊಡ್ಡದು ಮಾಡಿದಷ್ಟೂ ಮಸಕು. ಅವತ್ತೇ ಹದಿನೈದು.

ಮೊಮ್ಮಗಳು ಫೋನಿಗೆ ಹೇಳಿ ಬರಸಲಿಕತ್ತಳು: "ಮಾನ್ಯರೇ, ತೊಂದರೆಗೆ ಕ್ಷಮೆ ಇರಲಿ..."

"ಹೂ ಹಚ್ಚಿದಾಂವ ಅವ, ಕ್ಷಮಾ ನೀ ಯಾಕ ಕೇಳ್ತಿ? ಇತ್ತ ಕೊಡು," ಅಂತ ಕಸಗೊಂಡು ನಾನೇ ಫೋನಿಗೆ ಹೇಳಿ ಬರಸಿದೆ.

"ತಮ್ಮಾ, ನಿಮ್ಮನಿ ಲಗ್ನಕ್ಕ ಹ್ಯಾಂಗ ಕರೀತಿ? ಕಾರ್ಡ್ ಹೊಸ್ತಿಲ ಮ್ಯಾಲ ಒಗದು ಹೋಗ್ತಿ ಏನು? ಕುಂಕುಮ ಹಚ್ಚಿ, ಯಾರ ಲಗ್ನ, ಎಂದು, ಎಲ್ಲಿ ಅಂತ ಬಾಯಿಲೆ ಹೇಳ್ತಿ. ಎದುರಿನಾಕಿಗಿ ಓದಲಿಕ್ಕೆ ಬರತದೋ ಇಲ್ಲೋ ನಿನಗೇನು ಗೊತ್ತು? ಮೇಲಿಗೂ ಹಂಗೇ ಮಾಡು. ಚಿತ್ರ ಬೇಕಾದರ ಕಳಸು, ತೆಳಗ ಅಕ್ಷರದಾಗೂ ಹೇಳು. ಈಕಿ ಫೋನ್ ಹೂ ಓದಂಗಿಲ್ಲ."

"ಆಯಿ, ಕಳಿಸಿದಿ ಏನು?"

"ಎಂದೋ ಹೋತು."

"ನನ್ನ ನೌಕರಿನೂ ಹೋತು," ಅಂದಳು.

ಸಂಜೀಕ ಜವಾಬು ಬಂತು. ಫೋನ್ ಓದಿತು: "ಮೇಲೆ ಎರಡು ಗುಲಾಬಿ. ಎಡಕ್ಕೆ ದೀಪ. ಬಲಕ್ಕೆ ದೀಪ. ಕೆಳಗೆ ಅಧ್ಯಕ್ಷರು ಕೈ ಮುಗಿದು ನಗುತ್ತಿದ್ದಾರೆ. ಹಸಿರು ಶಲ್ಯ, ಜರಿ ಅಂಚು..." ಶಲ್ಯ ಮುಗಿಯೋ ತನಕ ಜೀವ ಹಿಡಕೊಂಡು ಕುಂತೀವಿ. ಕಡೀಕ ಬಂತು: ಹದಿನಾರು, ಮುಂಜಾನೆ ಹತ್ತು ಗಂಟೆ, ಚಿತ್ತಾಪುರ.

ನಾಳೇನೇ!

ಮರುದಿನ ಮೊದಲನೇ ಬಸ್ಸಿಗೆ ಸೇಡಂ, ಅಲ್ಲಿಂದ ಚಿತ್ತಾಪುರ. ಬಾಗಲದಾಗ ಕ್ಲರ್ಕ್ ಕೇಳಿದ, "ಆ ಮೇಲ್ ಬರದವರು ಯಾರ್ರಿ?" ಮೊಮ್ಮಗಳು ನನ್ನ ಕಡಿ ಬೊಟ್ಟು ಮಾಡಿದಳು. ಕಣ್ಣಿಲ್ಲದಾಕಿ, ಗುರಿ ಮಾತ್ರ ತಪ್ಪಲಿಲ್ಲ.

"ಎರಡನೇ ಸಲ ಬರೋಬ್ಬರಿ ಬರದೀನಲ್ರಿ ಅಮ್ಮಾ?"

"ತಾರೀಖು ಮೊದಲ ಹೇಳು. ಮುದುಕನ ಶಲ್ಯ ಕಟಗೊಂಡು ನಮಗೇನು?"

ಅವನ ಹಿಂದ ಹಸರು ಶಲ್ಯದ ಮುದುಕನೇ ನಿಂತಿದ್ದ. ಫೋಟೋದಾಗಿನಂಗ ಕೈ ಮುಗದ, ನಗಲಿಲ್ಲ.

ಸಂದರ್ಶನ ಕೊಟ್ಟು ಹೊರಗ ಬಂದರೂ, ನೌಕರಿ ಬಾಗಲದಾಗೇ ಮುಗೀತು ಅಂತ ಮೊಮ್ಮಗಳು ಊರು ಮುಟ್ಟೋ ತನಕ ನನ್ನ ಬೈಕೋತ ಬಂದಳು. ಆಮ್ಯಾಲ ಒಂದು ಮೇಲ್ ಬಂತು. ಮೊದಲನೇ ಸಾಲಿನ್ಯಾಗೇ ಫೋನ್ ಒದರಿತು: "ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇವೆ." ಯಾವತ್ತಿಂದ, ಎಷ್ಟು ಗಂಟೆಗೆ, ಎಲ್ಲಾ ಅದರ ಹಿಂದ. ಗುಲಾಬಿ ಕಟ್ಟಕಡೀಕ ಬಂದವು.

ಮುದುಕ ಬರಲೇ ಇಲ್ಲ.