ಫೋಟೊದಲ್ಲಿದ್ದ ಕುಂಕುಮ

ವಿಧವಾ ಪಿಂಚಣಿಗೆಂದು ಈಗ ಯಾದಗಿರಿಯ ತನಕ ಅಲೆಯಬೇಕಿಲ್ಲ. ಊರಿನ ಪಂಚಾಯಿತಿಯಲ್ಲೇ ಮೊಬೈಲಿಗೆ ಮುಖ ತೋರಿಸಿದರೆ ಸಾಕು. ಕೊಂಕಲ್‌ನಲ್ಲಿ ಆ ಮೊಬೈಲು ಹಿಡಿದು, ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದವನು ನಾನು.

ಕುರಿಗಳನ್ನು ಹೊರಗೆ ಬಿಟ್ಟು ಬಂದಿದ್ದ ಒಬ್ಬ ಹೆಂಗಸಿನ ಮುಖವನ್ನು ಏನು ಮಾಡಿದರೂ ಮೊಬೈಲು ಒಪ್ಪಲಿಲ್ಲ. ಆಕೆಯ ಆಧಾರ್ ಕಾರ್ಡು ನೋಡಿದೆ. ಹಳೆಯ ಫೋಟೊ, ಹಣೆ ತುಂಬ ಕುಂಕುಮ. ದೊಡ್ಡ ಪತ್ತೇದಾರನ ಹಾಗೆ ಅಂದುಬಿಟ್ಟೆ: "ಯವ್ವಾ, ಇದರಾಗ ಕುಂಕುಮ ಅದ. ಒಂದೀಟು ಹಚ್ಕೊಂಡು ಬರ್ರಿ, ಹಿಡೀತದ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಅವರಲ್ಲಿ ಒಬ್ಬರ ಹಣೆಯ ಮೇಲೂ ಕುಂಕುಮವಿರಲಿಲ್ಲ. ನಾನದನ್ನು ನೋಡಿದ್ದೇ ಆಗ.

ಆಕೆ ಮಾತ್ರ ಸಿಟ್ಟಾಗಲಿಲ್ಲ. "ಹಚ್ಕೋತೀನಿ ಬಿಡ್ರಿ ಸಾಹೇಬ್ರ. ನಮ್ಮತ್ತಿಗಿ ನೀವೇ ಬಂದು ಹೇಳ್ರಿ, ಮೊಬೈಲ್ ಕುಂಕುಮ ಕೇಳಾಕತ್ತದ ಅಂತ."

ನಾಚಿಕೆಯಿಂದ ಕೂರಲಾಗದೆ ಎದ್ದು ಪಕ್ಕಕ್ಕೆ ಸರಿದೆ. ನನ್ನ ಬೆನ್ನು ತಡೆದಿದ್ದ ಬೆಳಕು ಆಕೆಯ ಮುಖಕ್ಕೆ ಬಿತ್ತು. ಮೊಬೈಲು ಕೂಡಲೇ ಒಪ್ಪಿಕೊಂಡಿತು.

ಕೆಲಸ ಮುಗಿಸಲು ಸಿಬ್ಬಂದಿಯೂ ಮುಖ ತೋರಿಸಬೇಕು. ಮೊಬೈಲನ್ನು ನನ್ನೆದುರು ಹಿಡಿದುಕೊಂಡೆ. ಪರದೆಯ ಮೇಲೆ ಅಕ್ಷರ ಮೂಡಿತು: "ಮುಖ ಕಾಣಿಸುತ್ತಿಲ್ಲ. ದಯವಿಟ್ಟು ತಲೆ ಎತ್ತಿ."