ಕೀಲು ಬಿಡಿಸಿದ ಭಾನುವಾರ

ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಅಡಿಗೆಮನೆ. ನನಗೆಂದೇ ಬೇರೊಂದು ಕೋಣೆ ಇದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅದು ಕಟ್ಟಡದ ಹಿಂದೆ, ನೆಲಮಹಡಿಯಲ್ಲಿದ್ದ, ಎಲ್ಲರೂ ಕಾಕು ಎಂದು ಕರೆಯುವ ಹೆಂಗಸಿನ ಅಡಿಗೆಮನೆಯ ಕಿಟಕಿಗೆ ತಾಗಿದಂತೆ ನಿಂತಿರುತ್ತಿತ್ತು. ಅದಕ್ಕೆ ನಾಲ್ಕು ಚಕ್ರಗಳಿದ್ದವು.

ಅಪ್ಪ ರಬಾಳೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದಾಗ ತರಕಾರಿ ತರಲು ಕೊಂಡ ವ್ಯಾನ್ ಅದು. ಕ್ಯಾಂಟೀನ್ ಬಿಟ್ಟ ಮೇಲೆ ಅದರ ಹಿಂದಿನ ಸೀಟಿನಲ್ಲಿ ಕೂತು ನಾನು ಎಂ.ಎಸ್ಸಿ. ಮುಗಿಸಿದೆ. ಬೆಳಗಿನ ಜಾವ ಗಾಜಿಗೆ ಹಳೇ ದುಪಟ್ಟಾ ಕಟ್ಟಿ, ಪುಟ್ಟ ದೀಪ ಹಚ್ಚಿಕೊಂಡು, ರಸಾಯನಶಾಸ್ತ್ರವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅದೇ ಹೊತ್ತಿಗೆ ಕಿಟಕಿಯಾಚೆ ಕಾಕು ಮೆಸ್ಸಿನ ಆರ್ಡರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಮೂರು ಬಡಿತ, ಒಂದು ತಿರುವು. ಮೂರು ಬಡಿತ, ಒಂದು ತಿರುವು. ಆ ಸದ್ದಿನಲ್ಲಿ ನನ್ನ ದನಿ ಯಾರಿಗೂ ಕೇಳುವುದಿಲ್ಲ ಎಂದು ನಾನು ಖಚಿತವಾಗಿ ನಂಬಿದ್ದೆ. ಕೆಲಸ ಸಿಕ್ಕ ಮೇಲೂ ಲೋಕಲ್ ರೈಲು ಇಳಿದು ಬಂದವಳು, ಮೇಲೆ ಹೋಗುವ ಮೊದಲು ಸ್ವಲ್ಪ ಹೊತ್ತು ಅಲ್ಲಿ ಸುಮ್ಮನೆ ಕೂರುತ್ತಿದ್ದೆ.

ಕಳೆದ ಮಳೆಗಾಲ ಮುಗಿಯುವಾಗ ಅದರ ಸ್ಟಿಯರಿಂಗ್ ಕೆಟ್ಟಿತು. ಅದನ್ನು ಬಲಕ್ಕೆ ತಿರುಗಿಸಿದರೆ ವ್ಯಾನ್ ಯೋಚಿಸಿ ನೋಡುತ್ತೇನೆ ಎನ್ನುವಂತೆ ತಡವಾಗಿ ತಿರುಗುತ್ತಿತ್ತು. ಓಡದ ಗಾಡಿಗೆ ಜಾಗವಿಲ್ಲ ಎಂದು ಕಟ್ಟಡದ ಸೊಸೈಟಿಯವರು ಹೇಳಿದರು. ಅಪ್ಪ ಉಲ್ಹಾಸನಗರದ ಗುಜರಿಯವರಿಗೆ ಭಾನುವಾರ ಸಂಜೆ ಬರಲು ಫೋನ್ ಮಾಡಿದರು. ನಾನೇ ರಿಪೇರಿ ಮಾಡುತ್ತೇನೆ ಎಂದಾಗ ಅಪ್ಪ ನಕ್ಕು, ಅಷ್ಟರೊಳಗೆ ಓಡಿದರೆ ವ್ಯಾನ್ ನನ್ನದು, ಇಲ್ಲವಾದರೆ ಗುಜರಿಯವರದು ಎಂದರು.

ಸವೆದಿದ್ದದ್ದು ಒಂದೇ ಒಂದು ಕೀಲು. ಸ್ಟಿಯರಿಂಗಿನಿಂದ ಬರುವ ಸರಳಿನ ತುದಿಯ ಆ ಕೀಲಿಗೆ ಒಂದು ಮೊಳೆ ಇರುತ್ತದೆ. ಅದು ಚಕ್ರದ ಬದಿಯ ತೋಳಿನ ತೂತಿನಲ್ಲಿ ಬಿರಡೆಯಂತೆ ಕೂತಿರುತ್ತದೆ. ಹೊಸ ಕೀಲು ಪಕ್ಕದ ಊರು ಕಲ್ಯಾಣದಲ್ಲಿ ಸಿಕ್ಕಿತು. ಭಾನುವಾರ ಮಧ್ಯಾಹ್ನ ಜಾಕ್ ಏರಿಸಿ, ಮರದ ದಿಮ್ಮಿಯ ಆಸರೆ ಕೊಟ್ಟು, ಮುಂದಿನ ಚಕ್ರ ಕಳಚಿದೆ. ನಟ್ ಸಲೀಸಾಗಿ ಸಡಿಲಾಯಿತು. ನನಗೆ ಬಹಳ ಹೆಮ್ಮೆಯಾಯಿತು. ಆಮೇಲೆ ಮೊಳೆ ಅಲುಗಲೇ ಇಲ್ಲ. ಎಣ್ಣೆ ಹಾಕಿದೆ, ಎಳೆದೆ, ಬೇಡಿಕೊಂಡೆ. ತುಕ್ಕು ಅದನ್ನು ತೋಳಿಗೇ ಬೆಸೆದುಬಿಟ್ಟಿತ್ತು.

ಅಷ್ಟರಲ್ಲಿ ಗುಜರಿಯವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಜೀವಮಾನವಿಡೀ ಕ್ಯಾಂಟೀನ್ ನಡೆಸಿದ ಅಪ್ಪನಿಗೆ ಬಂದವರನ್ನು ನಿಲ್ಲಿಸಿ ಗೊತ್ತಿಲ್ಲ. ಕುರ್ಚಿ ತಂದರು, ಚಹಾ ತಂದರು. ಗುಜರಿಯವರು ಕಾಲಮೇಲೆ ಕಾಲು ಹಾಕಿ, ಸಿನೆಮಾ ನೋಡುವವರಂತೆ ಕೂತು, ಗ್ಯಾಸ್ ಕಟರ್ ತರಿಸಲೇ ಎಂದು ಆಗಾಗ ವಿನಯದಿಂದ ಕೇಳುತ್ತಿದ್ದರು.

ಒಂದು ಉಪಾಯ ಓದಿದ್ದೆ. ಮೊಳೆಗೆ ಹೊಡೆಯಬಾರದು, ಅದನ್ನು ಹಿಡಿದಿರುವ ತೋಳಿಗೆ ಎರಡೂ ಬದಿಯಿಂದ ಎರಡು ಸುತ್ತಿಗೆಗಳು ಒಂದೇ ಕ್ಷಣಕ್ಕೆ ಬೀಳಬೇಕು. ಆಗ ತೂತು ಒಂದು ಗಳಿಗೆ ಅದುರಿ ಮೊಳೆಯನ್ನು ಬಿಡುತ್ತದೆ. ಅಪ್ಪ ಹೊರಗಿನಿಂದ, ನಾನು ಒಳಗಿನಿಂದ. ಒಂದು, ಎರಡು, ಮೂರು. ಅಪ್ಪ ‘ಮೂರು’ ಎನ್ನುವಾಗಲೇ ಹೊಡೆದರು, ನಾನು ಅಂದ ಮೇಲೆ ಹೊಡೆದೆ. ಮತ್ತೆ ಎಣಿಸಿದೆವು. ಈ ಸಲ ಇಬ್ಬರೂ ಇನ್ನೊಬ್ಬರಿಗೆ ಹೊಂದಿಕೊಳ್ಳಲು ಹೋಗಿ ಅದಲುಬದಲಾಯಿತು. ಮನೆಯಲ್ಲಿ ನಾವು ಮಾತಾಡುವುದು ತುಳು. ಅಪ್ಪ ಈಗ ಕಿಟಕಿಯೊಳಗಿನ ಕಾಕುವಿಗೆ ಕೇಳಲೆಂದು ಕನ್ನಡಕ್ಕೆ ಹೊರಳಿದರು.

“ಮೂರು ಹೇಳಿಯಾದ ಮೇಲೆ ಮತ್ತೆ ಎಂತಕ್ಕೆ ಕಾಯುವುದು ಮಾರಾಯ್ತಿ? ರೈಲಿಗಾ?”

ನನಗೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ವ್ಯಾನಿನಡಿ ಅಂಗಾತ ಬಿದ್ದು, ಹೊಟ್ಟೆಯ ಮೇಲೆ ಸುತ್ತಿಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಕಿಟಕಿ ತೆರೆಯಿತು. ಕಾಕು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅಪ್ಪನ ಸುತ್ತಿಗೆ ಇಸಕೊಂಡರು.

“ಎಣಿಸೂದು ಬಿಡ್ರಿ ಅಣ್ಣಾರ. ಲೆಕ್ಕದಾಗ ಕೈ ಕೂಡೂದಿಲ್ಲ. ತಂಗಿ, ನಾ ಸಣ್ಣಗ ಬಡೀತೀನಿ. ರೊಟ್ಟಿ ತಿರುವಿದಷ್ಟು ಹೊತ್ತು ತಡದು, ಇಬ್ರೂ ಕೂಡಿ ಜೋರಾಗಿ ಒಂದು ಹಾಕೂಣು.”

ಅವರು ಕೂತು ತೋಳಿನ ಮೇಲೆ ಮೆಲ್ಲಗೆ ತಟ್ಟತೊಡಗಿದರು. ಅದೇ ರೊಟ್ಟಿಯ ತಾಳ. ನನ್ನ ಕೈ ತಾನಾಗಿ ಏರಿತು. ಆಗ ಕಾಕು ಆ ತಾಳಕ್ಕೆ ಬಾಯಿಯನ್ನೂ ಸೇರಿಸಿದರು:

“ಆರ್ಥೋ, ಮೆಟಾ, ಪ್ಯಾರಾ...”

ನನ್ನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅದು ನನ್ನ ರಸಾಯನಶಾಸ್ತ್ರದ ಪಾಠ. ದುಪಟ್ಟಾ ಕಟ್ಟಿ, ದೀಪ ಮರೆಮಾಡಿ, ಜಗತ್ತಿಗೆ ಗೊತ್ತಿಲ್ಲ ಎಂದುಕೊಂಡು ಒಪ್ಪಿಸಿದ ಪಾಠ.

“ಯಾಕ ನಿಂತಿ?” ಎಂದರು ಕಾಕು. “ಎರಡು ವರ್ಷ ಅದರ ತಾಳದ ಮ್ಯಾಲೆ ರೊಟ್ಟಿ ಬಡದೀನಿ. ನೀ ಪರೀಕ್ಷಾ ಮುಗಿಸಿದ ಮ್ಯಾಲೆ ನನ್ನ ರೊಟ್ಟಿ ದುಂಡಗ ಆಗವಲ್ವು.”

ನಾನು ಅವರ ಬಡಿತಕ್ಕೆ ಓದಿದ್ದೆ ಎಂದುಕೊಂಡಿದ್ದೆ. ಅವರು ನನ್ನ ಓದಿಗೆ ಬಡಿದಿದ್ದರು. ಯಾರು ಯಾರನ್ನು ಅನುಸರಿಸಿದ್ದೆಂದು ಯೋಚಿಸಲು ಸಮಯವಿರಲಿಲ್ಲ, ಕಾಕು ಮತ್ತೆ ಶುರು ಮಾಡಿದ್ದರು. ಆರ್ಥೋ, ಮೆಟಾ, ಪ್ಯಾರಾ, ಒಂದು ತಿರುವು, ಮತ್ತು ಎರಡು ಸುತ್ತಿಗೆಗಳು ಒಂದೇ ಸದ್ದಾಗಿ ಬಿದ್ದವು.

ಟಪ್.

ಬೆರಳಿನ ನೆಟಿಗೆ ಮುರಿದಷ್ಟು ಸಣ್ಣ ಶಬ್ದ. ಮೊಳೆ ಜಾರಿ, ನಾನು ತುದಿಯಲ್ಲಿ ಉಳಿಸಿದ್ದ ನಟ್ಟಿಗೆ ನೇತುಬಿತ್ತು. ಗುಜರಿಯವರು ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ತಮ್ಮ ವ್ಯಾಪಾರ ನೆನಪಾಗಿ ಕೈ ಕೆಳಗಿಳಿಸಿದರು.

ಹೊಸ ಕೀಲು ಕೂರಿಸಿ, ಬಿಗಿದು, ಪಿನ್ ಹಾಕಿ, ಚಕ್ರ ಏರಿಸುವಾಗ ಇನ್ನೂ ಬೆಳಕಿತ್ತು. ಅಪ್ಪ ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. ಅಲೈನ್‌ಮೆಂಟ್ ಅಂಗಡಿಯವರೆಗೆ, ಚಕ್ರಗಳ ಓರೆ ತಿದ್ದಿಸಲು, ಮೆಲ್ಲಗೆ ಹೋಗಬೇಕಿತ್ತು, ದಾರಿಯಲ್ಲಿ ಸ್ಟೇಷನ್. ಗುಜರಿಯವರನ್ನು ಬಿಡುತ್ತೇವೆಂದು ಅಪ್ಪ ಹಿಂದೆ ಕೂರಿಸಿದರು. ನೋಡೇಬಿಡೋಣ ಎಂದು ಕಾಕುವೂ ಹತ್ತಿದರು. ವ್ಯಾನ್ ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಓರೆಯಾಗಿ ಹಿಡಿಯಬೇಕಿತ್ತು. ಆದರೆ ತಿರುಗಿಸಿದರೆ ತಿರುಗುತ್ತಿತ್ತು, ತಕ್ಷಣ, ಯೋಚಿಸದೆ.

ನನ್ನ ಕೋಣೆಯಲ್ಲಿ ಮೊದಲ ಬಾರಿಗೆ ಇಷ್ಟು ಜನ. ಹಿಂದೆ ಕಾಕು ಸೀಟು ಬಡಿಯುತ್ತ ನನ್ನ ಪಾಠ ಒಪ್ಪಿಸುತ್ತಿದ್ದರು.

“ಯೇ ಕೌನ್ಸಾ ಭಜನ್ ಹೈ, ಮೌಸಿ?” ಎಂದು ಗುಜರಿಯವರು, ಯಾವ ದೇವರ ಭಜನೆಯೋ ಎಂಬಂತೆ, ಭಕ್ತಿಯಿಂದ ಕೇಳಿದರು.

ನಾನು ತಿರುಗಿ ನೋಡಲಿಲ್ಲ. ಓರೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ನಗು ತಡೆಯುತ್ತ, ನೇರ ಓಡಿಸಿದೆ.